ಸ್ವಂತ ಖೋಲಿಯ ಲೆಕ್ಕ

ಮುಂಬಯಿಯಲ್ಲಿ ನೆಲಸಿದ ನಮ್ಮವರ ಮಾತಿನಲ್ಲಿ ಒಂದು ವಿಶೇಷವುಂಟು. ಊರಿನಲ್ಲಿರುವುದನ್ನು ನಾವು ‘ಮನೆ’ ಎನ್ನುತ್ತೇವೆ. ಇಲ್ಲಿ ಮೂವತ್ತು ವರ್ಷ ಬಾಳಿದ ಜಾಗವನ್ನು ಮಾತ್ರ ‘ಖೋಲಿ’ ಎಂದೋ ‘ರೂಮು’ ಎಂದೋ ಕರೆಯುತ್ತೇವೆ. ಮನಸ್ಸು ಊರಿನಲ್ಲಿ, ದೇಹ ಇಲ್ಲಿ. ಆದರೂ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆಯ ಕರಾರು ಮುಗಿದು, ಪಾತ್ರೆ ಪಗಡೆಗಳನ್ನು ಮೂಟೆ ಕಟ್ಟಿ, ಮಕ್ಕಳನ್ನು ಒಂದು ಶಾಲೆಯಿಂದ ಇನ್ನೊಂದಕ್ಕೆ ಸೇರಿಸುವ ಪಾಡು ಬಂದಾಗ, ‘ನಮ್ಮದೇ ಒಂದು ಜಾಗ ಇದ್ದಿದ್ದರೆ!’ ಎಂಬ ಉದ್ಗಾರ ಯಾರ ಬಾಯಿಂದಲೂ ಹೊರಡುವುದು ಸಹಜ. ಈ ಆಸೆಯನ್ನು ಹೊತ್ತು ದಲ್ಲಾಳಿಯ ಬಾಗಿಲಿಗೆ ಹೋಗುವ ಮೊದಲು ಕಾಗದ ಪೆನ್ಸಿಲು ಹಿಡಿದು ಮಾಡಬೇಕಾದ ಲೆಕ್ಕವೊಂದಿದೆ. ಅದನ್ನೇ ಇಲ್ಲಿ ವಿವರಿಸಲು ಯತ್ನಿಸಿದೆ.

ಅಲ್ಪ ಸಂಬಳದವರು ಲೆಕ್ಕವಿಟ್ಟು ಮನೆ ಮಾಡಿಕೊಂಡ ನಿದರ್ಶನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬೆಂಗಳೂರಿನಲ್ಲಿ 1909ರಲ್ಲಿಯೇ ಮನೆ ಕಟ್ಟುವುದಕ್ಕಾಗಿ ಸಹಕಾರ ಸಂಘವೊಂದು ಹುಟ್ಟಿತು. ಮುಂಬಯಿಯ ಗಾಂವದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಯಿತು. ಅದರ ಮುಂದಾಳುಗಳು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು. ಕೆನರಾ ಕಡೆಯಿಂದ ಉದ್ಯೋಗ ಅರಸಿ ಬಂದ ಸಂಸಾರಗಳು ಒಟ್ಟುಗೂಡಿ ಮಾಡಿದ ಕೆಲಸವದು. ಇಂದು ನಾವು ಕೊಳ್ಳುವ ಫ್ಲಾಟುಗಳ ಹಿಂದೆ ‘ಸೊಸೈಟಿ’ ಎಂಬುದೊಂದು ಇರುವುದು ಆ ಪರಂಪರೆಯಿಂದಲೇ.

ಇನ್ನು ವಿಷಯಕ್ಕೆ ಬರೋಣ. ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ ‘ಬೆಲೆ ಎಷ್ಟು?’ ಎಂದು. ಅದಕ್ಕೆ ದಲ್ಲಾಳಿ ಹೇಳುವ ಉತ್ತರ ಫ್ಲಾಟಿನ ಬೆಲೆ. ಬೀಗದ ಕೈ ತಮ್ಮ ಕೈಗೆ ಬಂದು, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಆಗುವ ಖರ್ಚು ಬೇರೆಯೇ.

ಲೆಕ್ಕಕ್ಕಾಗಿ ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳೋಣ. ಕೈಗೆ ಬರುವ ಸಂಬಳ ತಿಂಗಳಿಗೆ 52,000 ರೂಪಾಯಿ. ಹನ್ನೆರಡು ವರ್ಷಗಳಲ್ಲಿ ಕೂಡಿಸಿದ್ದು 6 ಲಕ್ಷ. ಠಾಣೆಯ ಕಡೆ ಒಂದು ಹಳೆಯ ಕಟ್ಟಡದಲ್ಲಿ ಕೋಣೆ, ಅಡುಗೆಮನೆಯ ಜಾಗ 30 ಲಕ್ಷಕ್ಕೆ ಸಿಗುವಂತಿದೆ ಎನ್ನೋಣ. ಬ್ಯಾಂಕು ನೂರಕ್ಕೆ ಎಂಬತ್ತರಂತೆ 24 ಲಕ್ಷ ಸಾಲ ಕೊಡುತ್ತದೆ. ಉಳಿದ 6 ಲಕ್ಷ ಕೈಯಲ್ಲೇ ಇದೆ. ‘ಸರಿಹೋಯಿತು’ ಎಂದು ಅವರು ಮುಂಗಡ ಕೊಟ್ಟುಬಿಟ್ಟರೆ ಏನಾಗುತ್ತದೆ ನೋಡಿ.

ಸ್ಟಾಂಪ್ ಡ್ಯೂಟಿ ಮುಂಬಯಿ ನಗರದಲ್ಲಿ ಶೇ. 6, ಠಾಣೆ ಮತ್ತು ಪುಣೆ ನಗರಗಳಲ್ಲಿ ಶೇ. 7. ನಮ್ಮ ಲೆಕ್ಕದಲ್ಲಿ ಅದು 2,10,000 ರೂಪಾಯಿ. ಕರಾರಿನ ಬೆಲೆ, ಸರಕಾರ ಗೊತ್ತುಪಡಿಸಿದ ರೆಡಿ ರೆಕನರ್ ಬೆಲೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಶುಲ್ಕ ಬೀಳುತ್ತದೆ; ಚೌಕಾಶಿ ಮಾಡಿ ಅಗ್ಗಕ್ಕೆ ಕೊಂಡರೂ ಶುಲ್ಕ ಅಗ್ಗವಾಗದು. ನೋಂದಣಿಯ ಶುಲ್ಕ ನೂರಕ್ಕೆ ಒಂದು, ಗರಿಷ್ಠ 30,000. ದಲ್ಲಾಳಿಗೆ ನೂರಕ್ಕೆ ಒಂದರಂತೆ 30,000 (ಎರಡು ಕೇಳುವವರೂ ಇದ್ದಾರೆ). ಸೊಸೈಟಿಯ ವರ್ಗಾವಣೆ ಪ್ರೀಮಿಯಂ, ಮಹಾರಾಷ್ಟ್ರ ಸರಕಾರದ ಆಜ್ಞೆಯಂತೆ ಹೆಚ್ಚೆಂದರೆ 25,000. ವಕೀಲರು ಮತ್ತು ಬ್ಯಾಂಕಿನ ಕಾಗದಪತ್ರಗಳಿಗೆ 20,000. ಹಳೆಯ ಜಾಗವಾದುದರಿಂದ ನಳ, ವಯರಿಂಗು, ಮೋರಿಯ ಸೋರಿಕೆ, ಸುಣ್ಣಬಣ್ಣಗಳಿಗೆ ಕೈ ಬಿಗಿಹಿಡಿದರೂ 1,00,000. ಟೆಂಪೊ, ಹಮಾಲಿ, ಗ್ಯಾಸು ಮುಂತಾದುವಕ್ಕೂ ಗೃಹಪ್ರವೇಶದ ಸಣ್ಣ ಊಟಕ್ಕೂ 15,000. ಒಟ್ಟು 4,30,000.

ಅಂದರೆ ಕೈಯಿಂದ ಹಾಕಬೇಕಾದುದು 6 ಲಕ್ಷವಲ್ಲ, 10,30,000! ಸ್ಟಾಂಪು, ನೋಂದಣಿಗಳನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡಲು ಇಂಥ ಬೆಲೆಯ ಮನೆಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಒಪ್ಪುವುದಿಲ್ಲ. ಕೊರತೆಯಾದ ನಾಲ್ಕು ಲಕ್ಷಕ್ಕಾಗಿ ಹೆಂಡತಿಯ ಬಳೆ ಅಡವಿಗೆ ಹೋಗುತ್ತದೆ, ಕೈಸಾಲ ಹುಟ್ಟುತ್ತದೆ, ಬ್ಯಾಂಕಿನದಕ್ಕಿಂತ ದುಬಾರಿ ಬಡ್ಡಿಯ ಖಾಸಗಿ ಸಾಲ ತಲೆಯ ಮೇಲೆ ಕೂರುತ್ತದೆ. ಅನೇಕ ಸಂಸಾರಗಳು ಮುಗ್ಗರಿಸುವುದು ಗೃಹಸಾಲದಿಂದಲ್ಲ, ಈ ಚಿಲ್ಲರೆ ಸಾಲಗಳಿಂದ.

ಹಾಗಾದರೆ 6 ಲಕ್ಷ ಇದ್ದವರ ಶಕ್ತಿ ಎಷ್ಟು? ಬೆಲೆಯ ನೂರಕ್ಕೆ ಇಪ್ಪತ್ತು ಸ್ವಂತ ಪಾಲು, ಸ್ಟಾಂಪು, ನೋಂದಣಿ, ದಲ್ಲಾಳಿ ಸೇರಿ ಒಂಬತ್ತು, ಒಟ್ಟು ಇಪ್ಪತ್ತೊಂಬತ್ತು. ಬೆಲೆ ಎಷ್ಟಾದರೂ ತಪ್ಪದ ಇತರ ಖರ್ಚು 1,60,000. ಆರು ಲಕ್ಷದಲ್ಲಿ ಅದನ್ನು ಕಳೆದರೆ ಉಳಿಯುವುದು 4,40,000. ಇದು ಇಪ್ಪತ್ತೊಂಬತ್ತು ಪಾಲಾದರೆ ನೂರು ಪಾಲು ಸುಮಾರು ಹದಿನೈದು ಲಕ್ಷ. ಕಣ್ಣಿಟ್ಟಿದ್ದ ಜಾಗದ ಅರ್ಧ ಬೆಲೆ. ಕಹಿಯಾದರೂ ಇದು ದಲ್ಲಾಳಿಯ ಮನೆಯಲ್ಲಿ ತಿಳಿಯುವುದಕ್ಕಿಂತ ವಾಚನಾಲಯದ ಬೆಂಚಿನ ಮೇಲೆ ತಿಳಿಯುವುದು ಲೇಸು. ಒಂದೋ ಊರ ಹೊರಗಿನ ಸ್ಟೇಶನ್ನುಗಳ ಕಡೆ ನೋಡಬೇಕು, ಇಲ್ಲವೆ ಇನ್ನು ನಾಲ್ಕು ವರ್ಷ ಕೂಡಿಡಬೇಕು.

ಪ್ರಾವಿಡೆಂಟ್ ಫಂಡಿನಿಂದ ಮನೆಗಾಗಿ ಹಣ ತೆಗೆಯಲು ಅವಕಾಶವಿದೆ. ಅದು ಮುಪ್ಪಿನ ಗಂಜಿಯ ಹಣ; ಮುಟ್ಟಲೇಬೇಕಾದರೆ ಅರ್ಧಕ್ಕಿಂತ ಹೆಚ್ಚು ಮುಟ್ಟಬಾರದೆಂಬುದು ಈ ಲೇಖಕನ ಅಭಿಪ್ರಾಯ. ಖರೀದಿ ಕೇವಲ ಹೆಂಗಸರ ಹೆಸರಿನಲ್ಲಾದರೆ ಮಹಾರಾಷ್ಟ್ರದಲ್ಲಿ ಸ್ಟಾಂಪ್ ಡ್ಯೂಟಿ ನೂರಕ್ಕೆ ಒಂದು ಕಡಿಮೆ. ಮೇಲಿನ ಲೆಕ್ಕದಲ್ಲಿ ಮೂವತ್ತು ಸಾವಿರ ಉಳಿಯಿತು, ಮನೆಯಾಕೆಗೆ ಭದ್ರತೆಯೂ ಆಯಿತು. 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ, ವರ್ಷಕ್ಕೆ 9 ಲಕ್ಷದವರೆಗೆ ವರಮಾನವುಳ್ಳ ಸಂಸಾರಗಳು 35 ಲಕ್ಷದೊಳಗಿನ ಮನೆ ಕೊಂಡರೆ, ಸಾಲ 25 ಲಕ್ಷ ಮೀರದಿದ್ದರೆ, ಬಡ್ಡಿಯ ಸಹಾಯವಾಗಿ ಒಟ್ಟು 1,80,000 ರೂಪಾಯಿಯವರೆಗೆ ಐದು ವಾರ್ಷಿಕ ಕಂತುಗಳಲ್ಲಿ ಪಡೆಯಬಹುದು. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಹೆಸರಿನಲ್ಲಿ ದೇಶದ ಯಾವ ಮೂಲೆಯಲ್ಲಿಯೂ ಪಕ್ಕಾ ಮನೆ ಇರಕೂಡದು. ಊರಿನ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಂಡೇ ಅರ್ಜಿ ಹಾಕತಕ್ಕದ್ದು.

ಇನ್ನು ಕಂತಿನ ಲೆಕ್ಕ. 24 ಲಕ್ಷಕ್ಕೆ ಶೇ. 8.5ರ ಬಡ್ಡಿ, ಇಪ್ಪತ್ತು ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 20,828 ರೂಪಾಯಿ. ಮೊದಲ ಕಂತಿನಲ್ಲಿ 17,000 ಬಡ್ಡಿಗೇ ಹೋಗುತ್ತದೆ. ಅಸಲಿನಲ್ಲಿ ಕಳೆಯುವುದು 3,828 ಮಾತ್ರ. ಇಪ್ಪತ್ತು ವರ್ಷದ ಕೊನೆಗೆ ಕಟ್ಟಿದ ಮೊತ್ತ ಹತ್ತಿರ ಹತ್ತಿರ 50 ಲಕ್ಷ. ಅದೇ ಸಾಲವನ್ನು ಹದಿನೈದು ವರ್ಷಕ್ಕೆ ಇಳಿಸಿದರೆ ಕಂತು 23,634, ಒಟ್ಟು ಸುಮಾರು 42 ಲಕ್ಷ 54 ಸಾವಿರ. ತಿಂಗಳಿಗೆ 2,806 ಹೆಚ್ಚು ಕಟ್ಟಿದ್ದರಿಂದ ಉಳಿದದ್ದು ಏಳು ಲಕ್ಷಕ್ಕೂ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಡ್ಡಿ ಏರಿಳಿಯುವ ಪದ್ಧತಿಯ ಸಾಲದಲ್ಲಿ ದರ ಏರಿದರೆ ಬ್ಯಾಂಕು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತದೆ. ಸಾಲಗಾರನಿಗೆ ಏನೂ ಆಗಿಲ್ಲವೆಂದು ತೋರುತ್ತದೆ. ಮೇಲಿನ ಸಾಲದಲ್ಲಿ ಆರಂಭದಲ್ಲಿಯೇ ದರ 8.5ರಿಂದ 9.5ಕ್ಕೆ ಏರಿತೆನ್ನಿ: ಅದೇ ಕಂತನ್ನು ಕಟ್ಟುತ್ತ ಹೋದರೆ 240 ತಿಂಗಳ ಸಾಲ 309 ತಿಂಗಳಾಗುತ್ತದೆ. ಐದು ವರ್ಷ ಒಂಬತ್ತು ತಿಂಗಳು ಹೆಚ್ಚು! ನಲವತ್ತನೆಯ ವಯಸ್ಸಿನಲ್ಲಿ ಸಾಲ ತೆಗೆದವನು ನಿವೃತ್ತಿಯಾದ ಮೇಲೂ ಕಂತು ಕಟ್ಟಬೇಕು. ಅವಧಿಯನ್ನು ಮೊದಲಿನಷ್ಟೇ ಇಟ್ಟುಕೊಂಡು ಕಂತನ್ನು ಏರಿಸಿದರೆ ಅದು 22,371 ಆಗುತ್ತದೆ. ಹೆಚ್ಚಳ 1,543 ಮಾತ್ರ. ಎರಡರಲ್ಲಿ ಯಾವುದು ಬೇಕೆಂದು ಆರಿಸುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಆಜ್ಞೆ ಮಾಡಿದೆ. ಬ್ಯಾಂಕಿನಿಂದ ಬರುವ ಸಂದೇಶವನ್ನು ಓದದೆ ಬಿಡಬೇಡಿ. ಬೋನಸ್ಸು ಬಂದಾಗ ಅಸಲಿಗೆ ಕಟ್ಟಿದರೆ, ಈ ಬಗೆಯ ಗೃಹಸಾಲದಲ್ಲಿ ದಂಡ ಹಾಕುವಂತಿಲ್ಲ. ಮೊದಲ ವರ್ಷಗಳಲ್ಲಿ ಕಟ್ಟಿದ ಹತ್ತು ಸಾವಿರ ಕೊನೆಯ ವರ್ಷಗಳಲ್ಲಿ ಕಟ್ಟಿದ ಹತ್ತು ಸಾವಿರಕ್ಕಿಂತ ಬಹಳ ಬೆಲೆಯುಳ್ಳದ್ದು.

ಈ ಕಂತನ್ನು ಸಂಸಾರ ತಾಳೀತೇ? ಅದಕ್ಕೊಂದು ಪರೀಕ್ಷೆಯಿದೆ. ಈಗಿನ ಬಾಡಿಗೆ 11,000. ಮುಂದೆ ಕಂತು 20,828 ಮತ್ತು ಸೊಸೈಟಿಯ ತಿಂಗಳ ವಂತಿಗೆ 2,500 ಎನ್ನೋಣ. ವ್ಯತ್ಯಾಸ 12,328. ಮನೆ ಹುಡುಕುವ ಮೊದಲೇ ಆರು ತಿಂಗಳು, ಸಂಬಳ ಬಂದ ದಿನವೇ ಈ ಮೊತ್ತವನ್ನು ಬೇರೆ ಖಾತೆಗೆ ಹಾಕಿರಿ. ಊರಿಗೆ ಕಳುಹಿಸುವ ಹಣ ನಿಲ್ಲಬಾರದು, ಮಕ್ಕಳ ಫೀ ನಿಲ್ಲಬಾರದು, ಮದುವೆ ಮುಂಜಿಗೆ ಊರಿಗೆ ಹೋಗಿಬರುವುದೂ ನಡೆಯಬೇಕು. ಆರು ತಿಂಗಳು ಆ ಖಾತೆಗೆ ಕೈ ಹಾಕದೆ ಕಳೆದರೆ ಕಂತು ತಾಳುತ್ತದೆ; ಜೊತೆಗೆ 73,968 ರೂಪಾಯಿ ಸೇರಿರುತ್ತದೆ. ಅದನ್ನು ಮನೆಗೆ ಖರ್ಚು ಮಾಡದೆ, ಕೆಲಸ ಹೋದ ತಿಂಗಳಿಗೋ ಕಾಯಿಲೆ ಬಿದ್ದ ತಿಂಗಳಿಗೋ ಮೂರು ಕಂತಿನ ಆಸರೆಯಾಗಿ ಇಡಿರಿ. ಎರಡನೆಯ ತಿಂಗಳಿನಲ್ಲಿಯೇ ಕೈ ಹಾಕಬೇಕಾಗಿ ಬಂದರೆ ಕೊಳ್ಳುವ ಮಾತನ್ನು ಸದ್ಯಕ್ಕೆ ಮುಂದೂಡುವುದೇ ಸರಿ. ದೂರದ ಸ್ಟೇಶನ್ನಿಗೆ ಹೋಗುವವರು ರೈಲಿನ ಪಾಸು, ರಿಕ್ಷಾ ಬಾಡಿಗೆಗಳನ್ನೂ ಈ ವ್ಯತ್ಯಾಸಕ್ಕೆ ಸೇರಿಸತಕ್ಕದ್ದು. ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವವರು ಕೊನೆಯ ಗಾಡಿ ಎಷ್ಟು ಗಂಟೆಗೆಂದು ಮೊದಲು ನೋಡಬೇಕು.

ಕಟ್ಟುತ್ತಿರುವ ಕಟ್ಟಡದಲ್ಲಿ ಕೊಳ್ಳುವವರಿಗೆ ಬಾಡಿಗೆಯೂ ಸಾಲದ ಬಡ್ಡಿಯೂ ಒಟ್ಟಿಗೆ ಬೀಳುತ್ತವೆ. ಮೇಲಾಗಿ ಜಿಎಸ್‌ಟಿ ಇದೆ: 2019ರ ಏಪ್ರಿಲಿನಿಂದ ಸಾಮಾನ್ಯ ಫ್ಲಾಟಿಗೆ ಶೇ. 5, ಸರಕಾರದ ಲೆಕ್ಕದ ಅಗ್ಗದ ಮನೆಗೆ ಶೇ. 1. ಪೂರ್ಣಗೊಂಡು ಪ್ರಮಾಣಪತ್ರ ಪಡೆದ ಮನೆಗೆ ಈ ತೆರಿಗೆಯಿಲ್ಲ. ಬಿಲ್ಡರನು ಕರಾರನ್ನು ನೋಂದಾಯಿಸದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಡೆಯಕೂಡದೆಂದು 2016ರ ರೇರಾ ಕಾನೂನು ಹೇಳುತ್ತದೆ. ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲಿಯೇ ಕೇಳಿರಿ, ಎಂದರೆ ಒಳಗೋಡೆಗಳನ್ನು ಸೇರಿಸಿ, ಹೊರಗೋಡೆ ಮತ್ತು ಬಾಲ್ಕನಿಗಳನ್ನು ಬಿಟ್ಟು ಉಳಿಯುವ ನೆಲ. ‘ಸೂಪರ್ ಬಿಲ್ಟ್-ಅಪ್ 600 ಅಡಿ’ ಎಂಬ ಮಾತಿಗೆ ಮಾರುಹೋಗದೆ ಟೇಪು ಹಿಡಿದು ಅಳೆಯಿರಿ. ನೆಲ ಅಷ್ಟು ಇರುವುದಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಉಳಿತಾಯ ಸಲ್ಲದು. ಕಲ್ಯಾಣ-ಡೊಂಬಿವಲಿಯಲ್ಲಿ ಪುರಸಭೆಯ ಪರವಾನಗಿಯನ್ನೇ ಸುಳ್ಳಾಗಿ ಸೃಷ್ಟಿಸಿ, ಅದರ ಬಲದಿಂದ ರೇರಾ ನೋಂದಣಿಯನ್ನೂ ಪಡೆದಿದ್ದ 65 ಕಟ್ಟಡಗಳ ಪ್ರಕರಣ ಹೊರಬಿತ್ತು. ಅವನ್ನು ಕೆಡಹುವಂತೆ ಬೊಂಬಾಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಅಲ್ಲಿ ಸಂಸಾರ ಹೂಡಿದ್ದವರಲ್ಲಿ ಬ್ಯಾಂಕಿನ ಸಾಲ ಮಾಡಿದವರೂ ಇದ್ದರು. ಆದುದರಿಂದ ‘ಬ್ಯಾಂಕು ಸಾಲ ಕೊಟ್ಟಿದೆ, ರೇರಾ ನಂಬರಿದೆ’ ಎಂಬುದರಲ್ಲಿಯೇ ತೃಪ್ತಿಪಡದೆ, ಕಟ್ಟಡದ ಪರವಾನಗಿಯೂ ವಾಸಯೋಗ್ಯ ಪ್ರಮಾಣಪತ್ರವೂ (ಜನ ‘ಓಸಿ’ ಎನ್ನುವುದು ಇದನ್ನೇ) ನಿಜವೇ ಎಂದು ಪುರಸಭೆಯಲ್ಲಿಯೇ ವಿಚಾರಿಸತಕ್ಕದ್ದು. ಹಳೆಯ ಫ್ಲಾಟಾದರೆ ಮೊದಲ ಮಾಲಿಕನಿಂದ ಹಿಡಿದು ಇಂದಿನವರೆಗಿನ ಎಲ್ಲ ಕರಾರುಗಳು, ಸೊಸೈಟಿಯ ಶೇರು ಸರ್ಟಿಫಿಕೇಟು, ಹಿಂದಿನ ಸಾಲ ತೀರಿದ ಬ್ಯಾಂಕಿನ ಪತ್ರ, ಸೊಸೈಟಿ ಮತ್ತು ಲೈಟು ಬಿಲ್ಲಿನ ಬಾಕಿಯಿಲ್ಲವೆಂಬ ಚೀಟಿ ಇವಿಷ್ಟೂ ಬೇಕು. ನಮ್ಮದೇ ಆದ ವಕೀಲರಿಂದ ಇವನ್ನು ಓದಿಸಬೇಕು. ಮಾರುವವನ ವಕೀಲರು ಮಾರುವವನ ವಕೀಲರೇ. ‘ಸ್ವಲ್ಪ ಭಾಗ ನಗದಾಗಿ ಕೊಡಿ’ ಎಂದರೆ ಒಪ್ಪಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಮತ್ತು ಅದಕ್ಕೆ ಮೇಲ್ಪಟ್ಟ ನಗದು ಪಡೆಯುವುದಕ್ಕೆ ಆದಾಯ ತೆರಿಗೆಯ ಕಾನೂನಿನ ನಿಷೇಧವಿದೆ. ಜೊತೆಗೆ, ವ್ಯವಹಾರ ಮುರಿದರೆ ರಸೀತಿಯಿಲ್ಲದ ಹಣ ಮರಳಿ ಬರುವುದು ಕನಸಿನ ಮಾತು.

ಜಾಗವನ್ನು ನೋಡಲು ಎರಡು ಸಲವಾದರೂ ಹೋಗಿರಿ. ಒಮ್ಮೆ ಬೆಳಿಗ್ಗೆ, ನೀರು ಬರುವ ಹೊತ್ತಿಗೆ. ಒಮ್ಮೆ ಮಳೆಗಾಲದ ನಡುವೆ. ಜುಲೈ ತಿಂಗಳಿನಲ್ಲಿ ಒಣಗಿರುವ ಗೋಡೆ ನಂಬಲರ್ಹವಾದದ್ದು. ಮಾರ್ಚಿಯಲ್ಲಿ ಹೊಸ ಬಣ್ಣ ಬಳಿದ ಗೋಡೆಯನ್ನು ಕಂಡರೆ ಅದರ ಹಿಂದೇನಿದೆಯೆಂದು ಕೆಳಗಿನ ಮಹಡಿಯವರನ್ನು ಕೇಳಬೇಕು. ಸೋರಿಕೆ, ವಯರಿಂಗು ಇವೆರಡನ್ನು ಸಾಮಾನು ಸಾಗಿಸುವ ಮೊದಲೇ ಮುಗಿಸಿರಿ. ಬಣ್ಣ, ಕಪಾಟು, ಸೋಫಾಗಳಿಗೆ ಒಂದು ವರ್ಷ ಕಾಯಬಹುದು. ಹಳೆಯ ಟ್ರಂಕಿನ ಮೇಲೆ ಜಮಖಾನ ಹಾಸಿ ಕುಳಿತರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ನೋಂದಣಿಯಾದ ಮೇಲೆ ಶೇರು ಸರ್ಟಿಫಿಕೇಟಿನಲ್ಲಿ ಹೆಸರು ಬದಲಾಗಿದೆಯೇ ನೋಡಿಕೊಳ್ಳಬೇಕು. ಲೈಟು ಬಿಲ್ಲು, ಗ್ಯಾಸು, ರೇಶನ್ ಕಾರ್ಡುಗಳ ವಿಳಾಸ ತಿದ್ದಿಸಬೇಕು. ಸೊಸೈಟಿಯಲ್ಲಿ ನಾಮನಿರ್ದೇಶನದ ಅರ್ಜಿಯನ್ನು ಆ ವಾರದಲ್ಲಿಯೇ ಕೊಡಿ. ಆದರೆ ನಾಮನಿರ್ದೇಶಿತರು ಆಸ್ತಿಯನ್ನು ನೋಡಿಕೊಳ್ಳುವವರಷ್ಟೆ. ಹಕ್ಕು ವಾರಸುದಾರರಿಗೇ ಸೇರುವುದರಿಂದ ಉಯಿಲನ್ನೂ ಬರೆದಿಡುವುದು ಒಳ್ಳೆಯದು. ಸಾಲ ತೀರುವವರೆಗೆ ಮೂಲಪತ್ರಗಳು ಬ್ಯಾಂಕಿನಲ್ಲಿರುತ್ತವೆ. ಅವುಗಳ ಪಟ್ಟಿಗೆ ಬ್ಯಾಂಕಿನ ಸಹಿ ಮಾಡಿಸಿ, ನಕಲುಗಳ ಎರಡು ಕಟ್ಟು ಮಾಡಿರಿ: ಒಂದು ಇಲ್ಲಿಯ ಖೋಲಿಯಲ್ಲಿ, ಇನ್ನೊಂದು ಊರಿನ ಮನೆಯ ಪೆಟ್ಟಿಗೆಯಲ್ಲಿ.