ಕ್ಯಾಲಿಬರ್‌ನಲ್ಲಿ ಹಳೇ ಫೈಲ್ ಉಳಿಸಿಕೊಳ್ಳುವ ಪಾಠಗಳು

1. ಇ-ಪುಸ್ತಕಗಳನ್ನು ಜೋಡಿಸಿಡುವ ತಂತ್ರಾಂಶವಾದ ಕ್ಯಾಲಿಬರ್‌ನ ಒಂದು ನಮೂದಿನಲ್ಲಿ ಇಪಬ್, ಪಿಡಿಎಫ್, ಮೋಬಿ ಒಟ್ಟಿಗೇ ಇರಬಹುದು. ಎರಡು ಇಪಬ್‌ಗೆ ಮಾತ್ರ ಜಾಗವಿಲ್ಲ. ಫೈಲ್ ಅಳಿಸಿಹೋಯಿತು ಎಂಬ ಎಷ್ಟೋ ದೂರುಗಳು ಹುಟ್ಟುವುದು ಇಲ್ಲಿಂದಲೇ. ಕರಡು ತಿದ್ದಿದ ಪ್ರತಿಯೂ ಬೇಕು, ತಿದ್ದದ್ದೂ ಬೇಕು ಎಂದಾದರೆ ಎರಡು ನಮೂದು ಮಾಡಿ, ಹೆಸರಿನಲ್ಲೇ ‘2ನೇ ಕರಡು’ ಎಂದು ಸೇರಿಸಿಬಿಡಿ.

2. ಪ್ರಿಫರೆನ್ಸಸ್‌ನ ‘ಆಡಿಂಗ್ ಬುಕ್ಸ್’ ಒಳಗೆ, ಅದೇ ಪುಸ್ತಕ ಮತ್ತೆ ಬಂದರೆ ಇರುವ ನಮೂದಿಗೇ ಸೇರಿಸುವ ಆಟೋ-ಮರ್ಜ್ ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡುವವರು ಪಕ್ಕದ ಮೂರು ದಾರಿಗಳನ್ನು ಓದುವುದೇ ಇಲ್ಲ. ಒಂದರಲ್ಲಿ ಹೊಸದಾಗಿ ಬಂದ ಫೈಲ್ ಸದ್ದಿಲ್ಲದೆ ಬಿದ್ದುಹೋಗುತ್ತದೆ, ಇನ್ನೊಂದರಲ್ಲಿ ಹಳೆಯದು ಹೋಗುತ್ತದೆ, ಮೂರನೆಯದು ಬೇರೆ ನಮೂದು ತೆರೆಯುತ್ತದೆ. ನನ್ನ ಮತ ಮೂರನೆಯದಕ್ಕೇ. ಯಾಕೆಂದರೆ ಹೋಲಿಕೆ ನಡೆಯುವುದು ಶೀರ್ಷಿಕೆ, ಲೇಖಕರ ಹೆಸರಿನಂಥ ವಿವರಗಳ ಮೇಲೆ. ಒಳಗಿನ ಪುಟ ಯಾರೂ ನೋಡುವುದಿಲ್ಲ. ನಮ್ಮಲ್ಲಿ ‘ಸಮಗ್ರ ಕತೆಗಳು’ ಅಂತ ಸಂಪುಟ ಒಂದಕ್ಕೂ ಎರಡಕ್ಕೂ ಅದೇ ಶೀರ್ಷಿಕೆ ತುಂಬಿ ಕಳಿಸುವವರು ಕಡಿಮೆಯೇನಿಲ್ಲ. ಸಂಪುಟದ ಸಂಖ್ಯೆ ಮುಖಪುಟದ ಚಿತ್ರದಲ್ಲಷ್ಟೇ ಇರುತ್ತದೆ! ಹಳೆಯದರ ಮೇಲೆ ಬರೆಯುವ ಆಯ್ಕೆ ಇದ್ದರೆ ಎರಡನೇ ಸಂಪುಟ ಬಂದು ಮೊದಲನೆಯದನ್ನು ನುಂಗುತ್ತದೆ. ನಮೂದು ಒಂದೇ ಇರುವುದರಿಂದ ಪಟ್ಟಿ ನೋಡಿದರೆ ಏನೂ ಗೊತ್ತಾಗದು.

3. ಎರಡು ನಮೂದುಗಳನ್ನು ಕೈಯಾರೆ ಮರ್ಜ್ ಮಾಡುವಾಗ ಮೊದಲು ಯಾವುದನ್ನು ಕ್ಲಿಕ್ ಮಾಡಿದಿರಿ ಎಂಬುದೇ ಮುಖ್ಯ. ಮೊದಲನೆಯದರ ಇಪಬ್ ಉಳಿಯುತ್ತದೆ, ಎರಡನೆಯದರ ಇಪಬ್ ಸೇರುವುದಿಲ್ಲ. ಉಳಿದ ನಮೂದನ್ನು ಅಳಿಸದೆ ಮರ್ಜ್ ಮಾಡುವ ಆಯ್ಕೆಯೂ ಅದೇ ಮೆನುವಿನಲ್ಲಿದೆ, ಮೊದಲು ಅದನ್ನೇ ಬಳಸಿ.

4. ಇಪಬ್‌ನಿಂದ ಇಪಬ್‌ಗೇ ಪರಿವರ್ತಿಸಿದರೆ ಹಳೆಯದು ‘ಒರಿಜಿನಲ್_ಇಪಬ್’ ಎಂಬ ಹೆಸರಲ್ಲಿ ಉಳಿಯುತ್ತದೆ. ಒಳ್ಳೆಯದೇ. ಆದರೆ ಆಮೇಲೆ ಕ್ಯಾಲಿಬರ್‌ನದೇ ಎಡಿಟರ್‌ನಲ್ಲಿ ಅಕ್ಷರ ತಪ್ಪು ತಿದ್ದಿ ಮತ್ತೆ ಪರಿವರ್ತಿಸಲು ಹೊರಟರೆ, ಕಿಟಕಿಯ ಮೇಲ್ಭಾಗದಲ್ಲಿ ‘ಇನ್‌ಪುಟ್ ಫಾರ್ಮ್ಯಾಟ್’ ಏನಿದೆ ಅಂತ ನೋಡಿ. ಅಲ್ಲಿ ಒರಿಜಿನಲ್_ಇಪಬ್ ಇದ್ದರೆ ನಿಮ್ಮ ತಿದ್ದುಪಡಿಗಳೆಲ್ಲ ಮಣ್ಣುಪಾಲು.

5. ಎಡಿಟರ್‌ನ ಚೆಕ್‌ಪಾಯಿಂಟ್‌ಗಳು ಅದು ತೆರೆದಿರುವವರೆಗೆ ಮಾತ್ರ. ಸೇವ್ ಮಾಡಿ ಮುಚ್ಚಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ‘ಸೇವ್ ಎ ಕಾಪಿ’ ಇರುವುದು ಅದಕ್ಕೇ.

6. ಲೈಬ್ರರಿ ಫೋಲ್ಡರಿನೊಳಗೆ ನೇರವಾಗಿ ಕೈ ಹಾಕಬೇಡಿ. ಅದನ್ನು ಕ್ಲೌಡ್ ಸಿಂಕ್‌ನಲ್ಲಿಟ್ಟು ಎರಡು ಕಂಪ್ಯೂಟರ್‌ನಿಂದ ಒಮ್ಮೆಗೇ ತೆರೆಯಲೂಬೇಡಿ. ಇಡೀ ಪಟ್ಟಿ ಇರುವುದು ಮೆಟಾಡೇಟಾ.ಡಿಬಿ ಎಂಬ ಒಂದೇ ಫೈಲಿನಲ್ಲಿ. ಇಬ್ಬರು ಒಟ್ಟಿಗೆ ಬರೆದರೆ ಯಾರದಾದರೂ ಒಬ್ಬರದು ಹೋಗುವುದೇ.

7. ಅಳಿಸಿದ ಪುಸ್ತಕವನ್ನು ಈಚಿನ ಆವೃತ್ತಿಗಳು ಮಾಮೂಲಾಗಿ 14 ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತವೆ. ಮೇಲೆ ಬರೆದುಹೋದ ಫೈಲಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಕ್ಯಾಲಿಬರ್ ಮುಚ್ಚಿ, ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ತಾರೀಖಿನ ಹೆಸರಿನಲ್ಲಿ ಕಾಪಿ ಮಾಡಿ. ಹಿಂದಿನ ಕಾಪಿಯ ಮೇಲೆಯೇ ಹಾಕಿದರೆ, ನುಂಗಿಹೋದ ಫೈಲ್ ಅಲ್ಲಿಂದಲೂ ಹೋಗುತ್ತದೆ.