ಶುಶ್ರೂಷೆಯ ಶಾಲೆಗೆ ಹೊರಡುವ ಮುಂಚೆ



ನಮ್ಮ ಹಳ್ಳಿಗಳ ಒಂದೆರಡು ಮನೆಗಳಿಗೆ ವರುಷಕ್ಕೊಮ್ಮೆ ನರ್ಸಿಂಗ್ ಶಾಲೆಯಿಂದ ಪತ್ರ ಬರುವದುಂಟು. ಮಗಳಿಗೆ ಸ್ಥಳ ದೊರಕಿತೆಂದು ತಿಳಿದ ದಿವಸ ತಾಯಿ ಪಾಯಸ ಮಾಡುತ್ತಾಳೆ; ನೆರೆಯವರು ಬಂದು ಹರಸುತ್ತಾರೆ; ತಂದೆಯು ಪೇಟೆಗೆ ಹೋಗಿ ಹೊಸ ಟ್ರಂಕನ್ನು ತರುತ್ತಾನೆ. ಇದು ಸಂತೋಷಪಡತಕ್ಕ ಸಂಗತಿಯೇ. ಆದರೆ ಪತ್ರ ಬಂದ ದಿನಕ್ಕೂ ಶಾಲೆ ತೆರೆಯುವ ದಿನಕ್ಕೂ ನಡುವೆ ಇರುವ ವಾರಗಳನ್ನು ಹೇಗೆ ಉಪಯೋಗಿಸಬೇಕೆಂದು ಆ ಮಗುವಿಗೆ ಹೇಳುವವರು ವಿರಳ. ಆದದರಿಂದ ಈ ಪಾಠದಲ್ಲಿ ಅದನ್ನೇ ವಿಚಾರಿಸುವೆವು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವದು ಯುಕ್ತವಾಗಿದೆ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಬ್ಬ ಹುಡುಗಿಯು ಹೀಗೆಯೇ ಹೊರಟಳು. ನಾವು ಬಸ್ಸಿನ ತನಕ ಹೋಗಿ ಪ್ರಾರ್ಥಿಸಿ ಕಳುಹಿಸಿದೆವು, ಬೇರೇನನ್ನೂ ಮಾಡಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಆಕೆ ಅದೇ ಟ್ರಂಕಿನೊಡನೆ ಹಿಂದಿರುಗಿದಳು. ಆಕೆಗೆ ಬುದ್ಧಿ ಕಡಿಮೆಯಾಗಿತ್ತೋ? ಇಲ್ಲ. ಪಾಠವು ಇಂಗ್ಲಿಷಿನಲ್ಲಿ ನಡೆಯಿತು. ತಿಳಿಯದ್ದನ್ನು ಕೇಳಲು ನಾಚಿದಳು. ಎರಡನೆಯ ಕಂತಿನ ಹಣಕ್ಕೆ ತಂದೆಯು ಸಿದ್ಧನಾಗಿರಲಿಲ್ಲ. ಗಾಯವನ್ನು ಮೊದಲ ಸಾರಿ ನೋಡಿದಾಗ ತಲೆತಿರುಗಿ ಬಿದ್ದು, ಈ ಕೆಲಸವು ತನಗೆ ತಕ್ಕದ್ದಲ್ಲವೆಂದು ನಂಬಿಬಿಟ್ಟಳು. ಈ ಮೂರನ್ನೂ ನಾವು ಆಕೆಗೆ ಮುಂಚೆಯೇ ತಿಳಿಸಬಹುದಾಗಿತ್ತು. ಟ್ರಂಕನ್ನು ತುಂಬಿದೆವು, ಮಗುವನ್ನು ಸಿದ್ಧಮಾಡಲಿಲ್ಲ.

ಮರುಕವಿದ್ದರೆ ಸಾಕು, ಶುಶ್ರೂಷೆ ತಾನಾಗಿ ಬರುವದೆಂದು ಕೆಲವರು ನೆನಸುತ್ತಾರೆ. ಹಾಗಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ಐಶ್ವರ್ಯವುಳ್ಳ ಮನೆಯಲ್ಲಿ ಹುಟ್ಟಿದವಳು. ಆಕೆಯ ಮನೆಯವರು ಈ ಕೆಲಸವನ್ನು ಹೀನವೆಂದು ಎಣಿಸಿ ಬಹು ಕಾಲ ತಡೆದರು. ಆದಾಗ್ಯೂ ಆಕೆ ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿಗೆ ಹೋಗಿ, ಪಾದ್ರಿಯಾದ ಫ್ಲೀಡ್ನರನು ೧೮೩೬ರಲ್ಲಿ ಸ್ಥಾಪಿಸಿದ್ದ ಸೇವಕಿಯರ ಮನೆಯಲ್ಲಿ ಸುಮಾರು ಮೂರು ತಿಂಗಳು ವಿದ್ಯಾರ್ಥಿನಿಯಾಗಿ ಕಲಿತಳು. ಕ್ರಿಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಆಕೆ ಹೋದದ್ದು ಅದರ ತರುವಾಯ, ೧೮೫೪ರಲ್ಲಿ. ೧೮೬೦ರಲ್ಲಿ ಲಂಡನಿನ ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆಯು ತೆರೆಯಿತು. ನಮ್ಮ ದಕ್ಷಿಣದೇಶದಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು ೧೯೦೯ರಲ್ಲಿ ವೆಲ್ಲೂರಿನಲ್ಲಿ ನರ್ಸಿಂಗ್ ಶಾಲೆಯನ್ನು ಆರಂಭಿಸಿದರು; ೧೯೪೬ರಲ್ಲಿ ಅಲ್ಲಿಯೇ ಪದವಿಯ ತರಗತಿಯೂ ಹುಟ್ಟಿತು. ಮರುಕವುಳ್ಳವರು ಸಹ ಕಲಿಯಬೇಕೆಂಬದೇ ಇದರ ತಾತ್ಪರ್ಯ. ಹಾಗಾದರೆ ಹೊರಡುವ ಮುಂಚೆ ಸಿದ್ಧಮಾಡತಕ್ಕವು ಯಾವವು? ನಾಲ್ಕನ್ನು ಹೇಳುವೆವು.

ಒಂದನೆಯದು, ಕಾಗದಗಳೂ ಹಣವೂ.

ಗೋಪುರವನ್ನು ಕಟ್ಟುವವನು ಮೊದಲು ಕೂತು ಖರ್ಚನ್ನು ಲೆಕ್ಕಿಸಬೇಕೆಂದು ಕರ್ತನು ಹೇಳಿದ ಸಾಮ್ಯವನ್ನು ನೀವು ಬಲ್ಲಿರಿ. ಪೂರ್ತಿ ಹಣ ಕಟ್ಟುವ ಮುಂಚೆ ಆ ಶಾಲೆಗೂ ನಿಮ್ಮ ಮಗು ಸೇರುವ ತರಗತಿಗೂ ಮನ್ನಣೆ ಇದೆಯೋ ಎಂದು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ವಿಚಾರಿಸಿರಿ. ಮನ್ನಣೆಯಿಲ್ಲದ ಶಾಲೆಯಲ್ಲಿ ಓದಿದವರ ಹೆಸರು ನರ್ಸುಗಳ ಪಟ್ಟಿಗೆ ಸೇರದು. ಸೇರದಿದ್ದರೆ ಕೆಲಸವೂ ಸಿಕ್ಕದು. ಮೊದಲ ವರುಷದ್ದನ್ನು ಮಾತ್ರವಲ್ಲ, ಕೊನೆಯ ವರುಷದ ತನಕ ಬೇಕಾಗುವ ಫೀಜು, ವಸತಿ, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷೆ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕೊಟ್ಟ ಪ್ರತಿ ರೂಪಾಯಿಗೆ ರಸೀದಿ ತೆಗೆದುಕೊಳ್ಳಿರಿ. ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಕಾದರೆ ಬರಹದಲ್ಲಿ ಒಪ್ಪಿಗೆಚೀಟಿ ಪಡೆಯಿರಿ, ಪ್ರತಿಗಳನ್ನು ಮನೆಯಲ್ಲಿಡಿರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿರಿ. ಅವಿಲ್ಲದೆ ಅನೇಕ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಲಾಗದು. ಸಾಲವು ಅನಿವಾರ್ಯವಾದರೆ ಬಡ್ಡಿಯ ಸಾಹುಕಾರನ ಬಾಗಲಿಗೆ ಹೋಗುವ ಮುಂಚೆ ಪ್ರವೇಶಪತ್ರವನ್ನು ಹಿಡಿದು ಬ್ಯಾಂಕಿಗೆ ಹೋಗಿರಿ. ವಿದ್ಯೆಗೆಂದು ಕೊಡುವ ಸಾಲವನ್ನು ಸಾಮಾನ್ಯವಾಗಿ ಓದು ಮುಗಿದ ಮೇಲೆ ತೀರಿಸತೊಡಗಿದರೆ ಸಾಕು.

ಎರಡನೆಯದು, ದೇಹ.

ರೋಗಿಗಳನ್ನು ಮುಟ್ಟುವವಳು ತನ್ನ ದೇಹವನ್ನೂ ಕಾಯಬೇಕು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗಕ್ಕೆ ಲಸಿಕೆ ಉಂಟು. ಮೊದಲ ಚುಚ್ಚುಮದ್ದಾದ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಇದಕ್ಕೆ ಕಾಲ ಹಿಡಿಯುವದರಿಂದ, ಚಿಕ್ಕಂದಿನಲ್ಲಿ ಪೂರ್ತಿಯಾಗಿ ಹಾಕಿಸದಿದ್ದರೆ ಪತ್ರ ಬಂದ ವಾರವೇ ಆರಂಭಿಸತಕ್ಕದ್ದು. ಬಳಸಿದ ಸೂಜಿಗೆ ತಿರುಗಿ ಮುಚ್ಚಳ ಹಾಕಲೇಬಾರದು. ಸೂಜಿ ತಗಲಿದರೆ ಸಾಬೂನು ನೀರಿನಿಂದ ತೊಳೆದು, ಬೈಗುಳಕ್ಕೆ ಅಂಜದೆ ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿಯನ್ನು ತಡೆಯುವ ಔಷಧವನ್ನು ಕೆಲವು ತಾಸುಗಳೊಳಗೆ ಆರಂಭಿಸುವದೇ ಒಳ್ಳೇದು. ೭೨ ತಾಸು ದಾಟಿದರೆ ಅದು ಪ್ರಯೋಜನಕ್ಕೆ ಬಾರದು. ಮುಚ್ಚಿಟ್ಟವಳು ತನಗೇ ಕೇಡು ಮಾಡಿಕೊಳ್ಳುವಳು.

ವಾರ್ಡಿನಲ್ಲಿ ದಿನವೆಲ್ಲಾ ನಿಂತಿರಬೇಕು. ಚಪ್ಪಲಿಗೆ ಒಗ್ಗಿದವಳು ಹೊಸ ಬೂಟುಗಳನ್ನು ಮನೆಯಲ್ಲಿಯೇ ಮೆಟ್ಟಿ ಪಳಗಿಸಲಿ. ಬೆಳಿಗ್ಗೆ ಉಣ್ಣದೆ ಕೆಲಸಕ್ಕೆ ಹೋಗಬಾರದು. ಗಾಯವನ್ನಾಗಲಿ ರಕ್ತವನ್ನಾಗಲಿ ನೋಡಿ ಕಣ್ಣು ಕತ್ತಲಿಟ್ಟರೆ ಕೂಡಲೇ ಕೂತು ತಲೆಯನ್ನು ಮೊಣಕಾಲುಗಳ ನಡುವೆ ತಗ್ಗಿಸಲಿ. ಇದು ಅನೇಕರಿಗೆ ಮೊದಲಲ್ಲಿ ಆಗುವಂಥದ್ದು, ಕ್ರಮೇಣ ಹೋಗುವಂಥದ್ದು. ಇದು ಅಯೋಗ್ಯತೆಯ ಗುರುತಲ್ಲ.

ಮೂರನೆಯದು, ಕೈಯೂ ಕಣ್ಣೂ.

೧೮೪೭ರಲ್ಲಿ ವಿಯೆನ್ನಾ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು, ಶವಗಳನ್ನು ಕೊಯ್ದ ಕೈಯಿಂದ ಬಾಣಂತಿಯರನ್ನು ಮುಟ್ಟುತ್ತಿದ್ದ ವೈದ್ಯರಿಗೆ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವಂತೆ ಕಟ್ಟಳೆ ಮಾಡಿದನು. ಬಾಣಂತಿಯರ ಮರಣಗಳು ಬಹಳ ಮಟ್ಟಿಗೆ ಇಳಿದವು. ಇಂದಿಗೂ ಸಾಬೂನಿನಿಂದ ೪೦ರಿಂದ ೬೦ ಸೆಕೆಂಡು ಕೈ ತೊಳೆಯಬೇಕೆಂಬದು ನಿಯಮ. ಬೆರಳುಗಳ ಸಂದುಗಳು, ಹೆಬ್ಬೆರಳು, ಉಗುರಿನ ತುದಿ ಇವುಗಳನ್ನು ಮರೆಯುವವರೇ ಬಹಳ. ಉಗುರು ಕತ್ತರಿಸಿ, ಬಳೆ ತೆಗೆದು, ಈ ಅಭ್ಯಾಸವನ್ನು ಮನೆಯ ಬಚ್ಚಲಿನಲ್ಲಿಯೇ ಮಾಡಬಹುದು.

ಸೆಕೆಂಡಿನ ಮುಳ್ಳಿರುವ ಒಂದು ಸಾಧಾರಣ ಗಡಿಯಾರವನ್ನು ಕೊಂಡು, ಮನೆಯವರ ಮಣಿಕಟ್ಟನ್ನು ಹಿಡಿದು ಪೂರ್ತಿ ಒಂದು ನಿಮಿಷ ನಾಡಿಯನ್ನು ಎಣಿಸಲಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ಅದು ನಿಮಿಷಕ್ಕೆ ೬೦ರಿಂದ ೧೦೦. ಉಸಿರಾಟವು ೧೨ರಿಂದ ೨೦. ಏಳಲಾರದ ಅಜ್ಜಿಯು ಮನೆಯಲ್ಲಿದ್ದರೆ ಆಕೆಗೆ ಮೈ ಒರಸುವದನ್ನೂ, ಆಕೆ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಿಸುವದನ್ನೂ ಕಲಿಯಲಿ. ಮಲಮೂತ್ರಗಳನ್ನು ತೆಗೆಯುವದಕ್ಕೆ ಹೇಸುವವಳು ಇಲ್ಲಿಯೇ ಆ ಹೇಸಿಕೆಯನ್ನು ಗೆಲ್ಲಲಿ.

ಲೆಕ್ಕವನ್ನೂ ತಿದ್ದಿಕೊಳ್ಳಲಿ. ಒಂದು ಗ್ರಾಮಿಗೆ ೧೦೦೦ ಮಿಲಿಗ್ರಾಮು. ಒಂದು ಮಿಲಿಗ್ರಾಮಿಗೆ ೧೦೦೦ ಮೈಕ್ರೋಗ್ರಾಮು. ದೃಷ್ಟಾಂತವಾಗಿ, ೫೦೦ ಮಿಲಿಲೀಟರು ಸಲೈನನ್ನು ೪ ತಾಸುಗಳಲ್ಲಿ ಕೊಡಬೇಕು. ಕೊಳವೆಯು ಮಿಲಿಲೀಟರಿಗೆ ೨೦ ಹನಿ ಬಿಡುವಂಥದ್ದು. ಒಟ್ಟು ೧೦,೦೦೦ ಹನಿ; ೪ ತಾಸಿಗೆ ೨೪೦ ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು ೪೨ ಹನಿ. ಇಲ್ಲಿ ಒಂದು ಸೊನ್ನೆ ತಪ್ಪಿದರೆ ಒಂದು ಜೀವಕ್ಕೇ ಅಪಾಯ.

ನಾಲ್ಕನೆಯದು, ನಾಲಿಗೆ.

ಕನ್ನಡದಲ್ಲಿ ಓದಿದವರು ಇಂಗ್ಲಿಷಿಗೆ ಅಂಜುವದು ಸಹಜ. ದಿನಕ್ಕೆ ಹತ್ತು ಶಬ್ದಗಳಂತೆ ದೇಹದ ಭಾಗಗಳ, ರೋಗಗಳ, ಸಾಮಾನುಗಳ ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಎರಡು ಭಾಷೆಗಳಲ್ಲಿಯೂ ಬರೆದರೆ ಎರಡು ತಿಂಗಳಲ್ಲಿ ಆರುನೂರಾಗುವವು. ಅದಕ್ಕಿಂತ ಮುಖ್ಯವಾಗಿ, ‘ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ’ ಎಂದು ಕೇಳುವದನ್ನು ಅಭ್ಯಾಸಮಾಡಲಿ. ತಿಳಿಯದೆ ತಲೆಯಾಡಿಸುವ ನರ್ಸಿಗಿಂತ ಕೇಳುವ ನರ್ಸು ಲೇಸು. ಹಳ್ಳಿಯ ಮಾತೂ ಆಕೆಗೆ ಒಂದು ಬಂಡವಾಳವೆಂದು ತಿಳಿಯಲಿ. ಗಾಬರಿಗೊಂಡ ಮುದುಕಿಯು ತನ್ನ ನೋವನ್ನು ತನ್ನ ಮಾತಿನಲ್ಲಿಯೇ ಹೇಳುವಳು. ಆಕೆಯನ್ನು ಹಾಸಿಗೆಯ ನಂಬರಿನಿಂದಲ್ಲ, ‘ಅಜ್ಜೀ’ ಎಂದು ಕರೆಯಲಿ.

ನಾಲಿಗೆಯನ್ನು ಬಿಗಿಹಿಡಿಯುವದನ್ನೂ ಕಲಿಯಬೇಕು. ರಜೆಗೆ ಊರಿಗೆ ಬಂದಾಗ, ‘ಇಂಥವರ ಸೊಸೆಗೆ ಏನಾಗಿತ್ತು?’ ಎಂದು ನೆರೆಯವರು ಕೇಳುವರು. ರೋಗಿಯ ಗುಟ್ಟನ್ನು ತಾಯಿಗೂ ಹೇಳಬಾರದು. ತಾಯಂದಿರೇ, ಕೇಳಲೂ ಬೇಡಿರಿ. ಒಂದು ಮಾತು ಹೊರಬಿದ್ದರೆ ಒಂದು ಸಂಸಾರವು ಒಡೆಯಬಹುದು.

ಈ ವರುಷ ನಮ್ಮ ಸಭೆಯಿಂದ ಇನ್ನೊಬ್ಬಳು ಹೊರಡುತ್ತಾಳೆ. ಆಕೆಗೆ ನಾಡಿ ಎಣಿಸಲು ನಾವೇ ಸಂಜೆಯಲ್ಲಿ ಕೈ ಚಾಚುತ್ತೇವೆ. ಹಿಂದಿರುಗಿ ಬಂದಿದ್ದ ಆ ಮೊದಲನೆಯವಳೇ ತನ್ನ ಹಳೆಯ ನೋಟುಪುಸ್ತಕದಿಂದ ಶಬ್ದಗಳನ್ನು ಈಕೆಗೆ ಬರೆಯಿಸುತ್ತಾಳೆ. ತಾನೂ ತಿರುಗಿ ಅರ್ಜಿ ಹಾಕಬಹುದೋ ಎಂದು ಮೊನ್ನೆ ನಮ್ಮನ್ನು ಕೇಳಿದಳು. ಹಾಕಬಹುದೆಂದೆವು. ಈ ಸಾರಿ ಸಭೆಯವರು ಬಸ್ಸಿನ ಬಳಿಯಲ್ಲಿ ಬೀಳ್ಕೊಟ್ಟು ಸುಮ್ಮನಿರದೆ, ತಿಂಗಳಿಗೊಂದು ಸಾರಿಯಾದರೂ ‘ಏನಮ್ಮಾ, ಹೇಗಿದ್ದೀ? ಏನು ಕಷ್ಟ?’ ಎಂದು ವಿಚಾರಿಸಬೇಕು.

ವಿಚಾರಿಸತಕ್ಕ ಪ್ರಶ್ನೆಗಳು

೧. ಹಣ ಕಟ್ಟುವ ಮುಂಚೆ ಯಾರಲ್ಲಿ ಏನನ್ನು ವಿಚಾರಿಸಬೇಕು?
೨. ಹೆಪಟೈಟಿಸ್ ಬಿ ಲಸಿಕೆಯನ್ನು ತಡಮಾಡದೆ ಆರಂಭಿಸತಕ್ಕದ್ದು ಏಕೆ?
೩. ೫೦೦ ಮಿಲಿಲೀಟರು ಸಲೈನನ್ನು ೫ ತಾಸುಗಳಲ್ಲಿ ಕೊಡಬೇಕಾದರೆ, ಅದೇ ಕೊಳವೆಯಲ್ಲಿ ನಿಮಿಷಕ್ಕೆ ಎಷ್ಟು ಹನಿ?
೪. ಮೂರ್ಛೆ ಬಂದವಳು ಈ ಕೆಲಸಕ್ಕೆ ಅಯೋಗ್ಯಳೋ? ಕಾರಣ ಹೇಳಿರಿ.
೫. ನಮ್ಮ ಊರಿನಿಂದ ಹೊರಡುವ ಮಗುವಿಗಾಗಿ ನಮ್ಮ ಸಭೆಯು ಈ ತಿಂಗಳಲ್ಲಿ ಏನು ಮಾಡಬಹುದು?