ಲೆಕ್ಕದ ಗಣಕಭಾಷೆಯನ್ನು ಮಾದರಿ ನೋಡಿ ಕಲಿಯುವುದು

ಸಿಂಧನೂರು ತಾಲ್ಲೂಕಿನ ಜವಳಗೇರಾದ ಭತ್ತದ ರೈತನಿಗೆ ಚೀಲ, ತಳಿ, ತೂಕದ ಲೆಕ್ಕ ಬೇಕು. ನಮಗಾದರೋ ಸದಸ್ಯರ ಹೆಸರಿನ ಮುಂದೆ ರಾಶಿ, ಬೆಟ್ಟೆ, ಗೊರಬಲು ಒಂದೇ ಸಾಲಿನಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಸಿದ್ಧ ಲೆಕ್ಕದ ಪಟ್ಟಿ ಎಲ್ಲರಿಗೂ ಒಗ್ಗದು. ಒಂದು ಕಲಂ ಸೇರಿಸಲು ಪೇಟೆಯವರನ್ನು ಕರೆಸಿ ಹಣ ತೆರುವುದು ಸಣ್ಣ ಸಂಘಕ್ಕೆ ಭಾರವೇ ಸರಿ.

1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಆರಂಭಿಸಿದ ಸಂಸ್ಥೆಯದೇ ಟ್ಯಾಲಿ. ಇದಕ್ಕೆ ಟಿ.ಡಿ.ಎಲ್. ಎಂಬ ಸ್ವಂತ ಭಾಷೆಯುಂಟು. ಇದರಲ್ಲಿ ವರದಿಯೊಳಗೆ ಫಾರಂ, ಫಾರಮಿನೊಳಗೆ ಭಾಗ, ಭಾಗದೊಳಗೆ ಸಾಲು, ಸಾಲಿನೊಳಗೆ ಫೀಲ್ಡ್, ಅಂದರೆ ಕಲಂ. ನಮ್ಮ ತೂಕದ ಚೀಟಿಯ ರಚನೆಯೂ ಹೆಚ್ಚುಕಡಿಮೆ ಹೀಗೆಯೇ.

ನೆರವಿನ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲು ಕೂತವರು ಮೂರನೆಯ ದಿನ ಬಿಡುತ್ತಾರೆ. ಚಿಕ್ಕ ಮಾದರಿಯೊಂದನ್ನು ನಕಲು ಮಾಡಿಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುವುದು ಲೇಸು. 'ಸೆಟ್ ಆ್ಯಸ್' ಎಂಬುದರ ಮುಂದಿನ ಪದವನ್ನು 'ರಾಶಿ' ಎಂದು ಬದಲಿಸಿ; ಪರದೆಯ ಮೇಲೆ ಅದೇ ಬರುತ್ತದೆ. ಬಳಿಕ 'ವಿಡ್ತ್' ಬದಲಿಸಿ ಅಗಲ ನೋಡಿ. ಬೆಟ್ಟೆಗೆ ಹೊಸ ಕಲಂ ಬರೆದರೂ ಸಾಲಿನ ಪಟ್ಟಿಯಲ್ಲಿ ಅದರ ಹೆಸರು ಸೇರಿಸದಿದ್ದರೆ ಕಾಣಿಸದು. ಹೊಸಬರು ತೊಡಕಿಕೊಳ್ಳುವುದು ಇಲ್ಲೇ. ಅರ್ಥವಾಗದ ಪದ ಬಂದಾಗ ಮಾತ್ರ ನೆರವಿನ ಪುಟ ತೆರೆದು, ಆ ಪದದ ಉದಾಹರಣೆ ನೋಡಿದರಾಯಿತು.

ಸಂಘದ ನಿಜವಾದ ಲೆಕ್ಕದ ಮೇಲೆ ಈ ಅಭ್ಯಾಸ ಕೂಡದು. ಬೇರೆ ಹೆಸರಿನಲ್ಲಿ ಲೆಕ್ಕ ತೆರೆದು, ನಾಲ್ಕಾರು ಹುಸಿ ಹೆಸರು, ತೂಕ ತುಂಬಿಕೊಳ್ಳತಕ್ಕದ್ದು.